ಗುಲಾಬಿಯೋ, ಗೋಡೆಯೋ, ತೋಟವೋ: ಡೇಟಿಂಗ್ ಶೋಗೆ ಹೋಗುವುದಾದರೆ ಯಾವುದಕ್ಕೆ?

ಆಷಾಢ ಬಂತೆಂದರೆ ನಮ್ಮ ಕಡೆ ಮದುವೆ ಮಾತು ನಿಂತುಬಿಡುತ್ತದೆ. ಹೆಣ್ಣು ನೋಡಲು ಬರುವವರಿಲ್ಲ, ಜಾತಕ ಕೇಳುವವರಿಲ್ಲ, ಬ್ರೋಕರ್ ಫೋನೂ ಇಲ್ಲ. ಮೂಡಿಗೆರೆ ಕಡೆ ಆ ಹೊತ್ತಿಗೆ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಎಲ್ಲೋ ಮರ ಬಿದ್ದು ಲೈನ್ ಹರಿದರೆ ಕರೆಂಟು ನಾಳೆ ಬರಬಹುದು, ನಾಡಿದ್ದು ಬರಬಹುದು. ಅಂಥದ್ದೇ ಒಂದು ರಾತ್ರಿ ಹಾಸನದಿಂದ ಬಂದ ಗೆಳತಿ, ಅರಸೀಕೆರೆ ಕಡೆಯ ಇನ್ನೊಬ್ಬ ಗೆಳತಿ, ನಾನು, ಮೂವರೂ ಒಲೆ ಮುಂದೆ ಕೂತಿದ್ದಾಗ ಈ ಆಟ ಶುರುವಾಯಿತು. ‘ಡೇಟಿಂಗ್ ಶೋಗೆ ಬಾ ಅಂತ ಕರೆದರೆ ಯಾವುದಕ್ಕೆ ಹೋಗ್ತೀಯ?’

ಮೊದಲ ಸುತ್ತಿನಲ್ಲಿ ಎಲ್ಲರೂ ಸಮುದ್ರ, ಈಜುಕೊಳ, ಒಳ್ಳೇ ಬಟ್ಟೆ ಅಂದೆವು. ಎರಡನೇ ಸುತ್ತಿಗೆ ಮಾತು ಬೇರೆಯೇ ಆಯಿತು. ಮೂವರಿಗೂ ವಯಸ್ಸು ಮೂವತ್ತರ ಆಸುಪಾಸು. ಮೂವರೂ ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದವರೇ. ‘ಫೋನ್ ಮಾಡಿ ತಿಳಿಸ್ತೀವಿ’ ಎಂಬ ಮಾತಿನ ಅರ್ಥ ಮೂವರಿಗೂ ಗೊತ್ತು. ಹಾಗಾಗಿ ಯಾವ ಶೋದಲ್ಲಿ ಗೆಲ್ಲುತ್ತೇವೆ ಅನ್ನುವುದಕ್ಕಿಂತ, ಯಾವ ಶೋದಲ್ಲಿ ನಮ್ಮನ್ನು ಸರಿಯಾಗಿ ನೋಡುತ್ತಾರೆ ಎಂಬ ಕಡೆಗೆ ಮಾತು ತಿರುಗಿತು. ಆಮೇಲೆ ಎರಡು ಮಳೆಗಾಲ ಕಳೆದಿವೆ. ಸಿಕ್ಕಿದ್ದನ್ನೆಲ್ಲ ನೋಡಿದ್ದೇನೆ, ಓದಿದ್ದೇನೆ. ಇದೇ ಆಟ ಆಡುವವರಿಗೆ, ನಿಜವಾಗಿಯೂ ಅರ್ಜಿ ಹಾಕುವ ಯೋಚನೆ ಇರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಡೇಟಿಂಗ್ ಶೋ ಅಂದರೆ ಪ್ರತಿಯೊಂದೂ ನಿಮ್ಮ ಕೈಯಿಂದ ಯಾವುದೋ ಒಂದನ್ನು ತೆಗೆದಿಟ್ಟುಕೊಂಡು ಆಡಿಸುವ ಆಟ. ಒಂದು ಮುಖ ತೋರಿಸುವುದಿಲ್ಲ. ಒಂದು ಫೋನ್ ಕಿತ್ತುಕೊಳ್ಳುತ್ತದೆ. ಒಂದು ಆಯ್ಕೆಯನ್ನೇ ಕಿತ್ತುಕೊಳ್ಳುತ್ತದೆ. ನಮ್ಮ ಹೆಣ್ಣು ನೋಡುವ ಶಾಸ್ತ್ರವೂ ಹಾಗೇ, ಅದು ತೆಗೆದಿಟ್ಟುಕೊಳ್ಳುವುದು ಸಮಯವನ್ನು, ಏಕಾಂತವನ್ನು. ಆದ್ದರಿಂದ ಶೋ ಆರಿಸುವಾಗ ಬಹುಮಾನ ಎಷ್ಟು, ಜಾಗ ಎಲ್ಲಿ ಅಂತ ನೋಡಬೇಡಿ. ಇಷ್ಟು ದಿನ ನಿಮಗೆ ಅಡ್ಡ ಬಂದಿದ್ದು ಏನು ಅಂತ ನೋಡಿ, ಅದನ್ನು ತೆಗೆದಿಡುವ ಶೋ ಯಾವುದೋ ಅದಕ್ಕೆ ಹೋಗಿ.

ಗೋಡೆಯ ಆಚೆ ಈಚೆ

ಮುಖ, ಬಣ್ಣ, ಎತ್ತರ ಅಡ್ಡ ಬಂದವರಿಗೆ ‘ಲವ್ ಈಸ್ ಬ್ಲೈಂಡ್’. 2020ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಈ ಶೋದಲ್ಲಿ ಗಂಡುಮಕ್ಕಳು ಒಂದು ಕಡೆ, ಹೆಣ್ಣುಮಕ್ಕಳು ಇನ್ನೊಂದು ಕಡೆ. ನಡುವೆ ಗೋಡೆ. ಪಾಡ್ ಎನ್ನುವ ಸಣ್ಣ ಕೋಣೆಯಲ್ಲಿ ಕೂತು ಗೋಡೆಯಾಚೆಯ ದನಿಯ ಜೊತೆ ಮಾತಾಡಬೇಕು. ಕೈಯಲ್ಲಿ ಒಂದು ಪುಸ್ತಕ, ಪೆನ್ನು, ಯಾರು ಏನು ಹೇಳಿದರೆಂದು ಬರೆದುಕೊಳ್ಳಲು. ಹೀಗೆ ಸುಮಾರು ಹತ್ತು ದಿನ. ಮದುವೆಯಾಗೋಣ ಅಂತ ಒಪ್ಪಿಕೊಂಡ ಮೇಲೆಯೇ ಮುಖ ನೋಡುವುದು. ಆಮೇಲೆ ಜೋಡಿಯಾಗಿ ಪ್ರವಾಸ, ಒಂದೇ ಮನೆಯಲ್ಲಿ ಕೆಲವು ವಾರ, ಕೊನೆಗೆ ಮದುವೆ ಮಂಟಪದಲ್ಲೇ ಹೌದು ಅಥವಾ ಇಲ್ಲ. ಅಟ್ಲಾಂಟಾದಲ್ಲಿ ನಡೆದ ಮೊದಲ ಸೀಸನ್ನಿನಲ್ಲಿ ಎರಡು ಜೋಡಿ ಮದುವೆಯಾದವು.

ನಮ್ಮ ಆಟದ ರಾತ್ರಿ ಇದನ್ನು ಮಾಡಿಯೇ ನೋಡಿದೆವು. ನಮ್ಮ ಮನೆಯಲ್ಲಿ ನಡುಮನೆಗೂ ಕಾಫಿ ಮೂಟೆ ಇಡುವ ಕೋಣೆಗೂ ನಡುವೆ ಹಲಗೆ ಗೋಡೆಯಿದೆ. ಬೆಲೆ ನೋಡಿ ಮಾರೋಣವೆಂದು ಇಟ್ಟಿದ್ದ ರೊಬಸ್ಟಾ ಚೆರಿ ಮೂಟೆಗಳ ಮೇಲೆ ಹಾಸನದ ಗೆಳತಿ ಕೂತಳು, ಈಚೆ ನಾನು. ಅವಳ ಹತ್ತಿರ ದೀಪವೂ ಇರಲಿಲ್ಲ. ಹನ್ನೆರಡು ವರ್ಷದ ಪರಿಚಯ, ಒಂದೇ ಹಾಸ್ಟೆಲ್ ಕೋಣೆಯಲ್ಲಿ ಇದ್ದವರು. ಇವಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ ಅಂದುಕೊಂಡೇ ಕೇಳಿದೆ, ‘ನಿಮಗೆ ಇದುವರೆಗೆ ಯಾರಿಗೂ ಹೇಳದ ಮಾತು ಏನಾದರೂ ಇದೆಯಾ?’ ಹಂಚಿನ ಮೇಲೆ ಮಳೆ ಬೀಳುವ ಸದ್ದಷ್ಟೇ ಸ್ವಲ್ಪ ಹೊತ್ತು. ಆಮೇಲೆ ಅವಳು, ‘ಮೂರು ಸಲ ಬಣ್ಣ ನೋಡಿ ಬೇಡ ಅಂದರು. ಅಮ್ಮ ಪ್ರತಿ ಸಲ ಜಾತಕ ಕೂಡಲಿಲ್ಲ ಅಂತಲೇ ಹೇಳಿದಳು. ನನಗೆ ಗೊತ್ತಿತ್ತು, ಅಮ್ಮನಿಗೆ ಬೇಜಾರಾಗುತ್ತೆ ಅಂತ ಗೊತ್ತಿಲ್ಲದ ಹಾಗೆ ಇದ್ದೆ’ ಅಂದಳು. ಎದುರಿಗೆ ಕೂತಿದ್ದರೆ ಅವಳು ಅದನ್ನು ಹೇಳುತ್ತಿರಲಿಲ್ಲ. ಹೇಳಿದರೂ ನಾನು ನಡುವೆ ಬಾಯಿ ಹಾಕಿ ಸಮಾಧಾನ ಮಾಡಿಬಿಡುತ್ತಿದ್ದೆ. ಗೋಡೆ ಇದ್ದದ್ದಕ್ಕೆ ಸುಮ್ಮನೆ ಕೇಳಿಸಿಕೊಂಡೆ.

ಅದಕ್ಕೇ ಈ ಶೋ ಬಗ್ಗೆ ನನಗೆ ಗೌರವ ಇದೆ. ಹೆಣ್ಣು ನೋಡುವ ಶಾಸ್ತ್ರದ ಜೊತೆ ಇಟ್ಟು ನೋಡಿ. ನಮ್ಮಲ್ಲಿ ಮೊದಲು ಮುಖ, ಆಮೇಲೆ ಕುಟುಂಬ, ಕೊನೆಗೆ ಸಮಯ ಉಳಿದರೆ ಮಾತು. ‘ಇಬ್ಬರೂ ಸ್ವಲ್ಪ ಮಾತಾಡ್ಕೊಳ್ಳಿ’ ಅಂತ ಪಕ್ಕದ ಕೋಣೆಗೆ ಕಳಿಸುತ್ತಾರೆ, ಬಾಗಿಲು ಅರ್ಧ ತೆರೆದೇ ಇರುತ್ತದೆ. ನನ್ನ ಅಕ್ಕನಿಗೆ ಹಾಗೆ ಸಿಕ್ಕಿದ್ದು ಹತ್ತು ನಿಮಿಷ. ಹುಡುಗ ಏನು ಕೇಳಿದನೋ ಅವಳಿಗೆ ಈಗ ನೆನಪಿಲ್ಲ. ಹೊರಗೆ ದೊಡ್ಡಮ್ಮನ ಕಾಲುಂಗುರ ನೆಲಕ್ಕೆ ತಾಗುವ ಟಿಕ್ ಟಿಕ್ ಸದ್ದು ಮಾತ್ರ ನೆನಪಿದೆಯಂತೆ. ಆ ಸದ್ದು ಬಾಗಿಲ ಹತ್ತಿರ ಬಂದಾಗಲೆಲ್ಲ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಹತ್ತು ನಿಮಿಷಕ್ಕೂ ಹತ್ತು ದಿನಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಆದರೆ ಗೋಡೆಯನ್ನೇ ನೆಚ್ಚಿಕೊಳ್ಳಬೇಡಿ. ಅಟ್ಲಾಂಟಾದ ಗೋಡೆ ಬಣ್ಣವನ್ನು ಮುಚ್ಚಬಹುದು. ಹಾಸನದಲ್ಲಿ ಅದೇ ಗೋಡೆ ಕಟ್ಟಿದರೆ ‘ನಿಮ್ಮ ಮನೆದೇವರು ಯಾವುದು?’ ಎಂಬ ಒಂದೇ ಪ್ರಶ್ನೆಗೆ ಬಿದ್ದುಹೋಗುತ್ತದೆ. ಊರಿನ ಹೆಸರು ಹೇಳಿದರೆ ಅರ್ಧ ಗೊತ್ತಾಗುತ್ತದೆ, ಅಜ್ಜನ ಹೆಸರು ಹೇಳಿದರೆ ಪೂರ್ತಿ. ನಮ್ಮಲ್ಲಿ ಈ ಆಟ ಆಡುವುದಾದರೆ ಊರು, ಮನೆದೇವರು, ಎಕರೆ, ಈ ಮೂರನ್ನು ಕೇಳುವಂತಿಲ್ಲ ಅಂತ ನಿಯಮ ಇರಬೇಕು. ಇನ್ನೊಂದು ಕೊರತೆ ಎಂದರೆ, ದನಿಯಲ್ಲಿ ಮನಸ್ಸು ಕಾಣುತ್ತದೆ, ದಿನಚರಿ ಕಾಣುವುದಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಮನುಷ್ಯ ಹೇಗಿರುತ್ತಾನೆ, ಅಡುಗೆಮನೆಗೆ ಕಾಲಿಡುತ್ತಾನಾ, ಕೆಲಸದಾಳುಗಳ ಜೊತೆ ಹೇಗೆ ಮಾತಾಡುತ್ತಾನೆ, ಇದು ಯಾವುದೂ ಪಾಡ್ ಒಳಗೆ ತಿಳಿಯುವುದಿಲ್ಲ.

ಗುಲಾಬಿ ಹಿಡಿದು ನಿಂತವರು

‘ದಿ ಬ್ಯಾಚುಲರ್’ ಎಲ್ಲಕ್ಕಿಂತ ಹಳೆಯ ಹೆಸರು ಅಲ್ಲದಿದ್ದರೂ ಎಲ್ಲರಿಗೂ ಗೊತ್ತಿರುವ ಹೆಸರು. ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ 2002ರ ಮಾರ್ಚ್‌ನಲ್ಲಿ ಶುರುವಾದಾಗ ಒಬ್ಬ ಗಂಡಸಿಗೆ 25 ಹೆಂಗಸರು. ಯಾರಿಗೆ ಗುಲಾಬಿ ಸಿಕ್ಕಿತೋ ಅವರು ಉಳಿದರು, ಸಿಗದವರು ಮನೆಗೆ. ಮುಂದಿನ ವರ್ಷ ಹೆಣ್ಣು ಆರಿಸುವ ‘ದಿ ಬ್ಯಾಚುಲರೆಟ್’ ಬಂತು, ಅದರ ಮೊದಲ ನಾಯಕಿ ಟ್ರಿಸ್ಟಾ ರೆನ್ ತಾನು ಆರಿಸಿದ ರಯಾನ್ ಸಟರ್ ಜೊತೆ 2003ರಲ್ಲೇ ಮದುವೆಯಾದಳು. ನಮ್ಮ ದೇಶದಲ್ಲಿ ಇದೇ ದಾರಿಯಲ್ಲಿ ಬಂದಿದ್ದು ಸ್ವಯಂವರದ ಶೋಗಳು. 2009ರಲ್ಲಿ ಎನ್‌ಡಿಟಿವಿ ಇಮ್ಯಾಜಿನ್‌ನಲ್ಲಿ ರಾಖಿ ಸಾವಂತ್ ವರನನ್ನು ಆರಿಸಿದರು, ಆದರೆ ಆ ಮದುವೆ ನಡೆಯಲಿಲ್ಲ.

ನಿಮಗೆ ಇಲ್ಲಿ ಸಿಗದೆ ಹೋಗುವುದು ಎದುರಿನವರ ಗಮನ. 25ರಲ್ಲಿ ಒಂದು ಪಾಲು. ಐದು ನಿಮಿಷ ಕೂತು ಮಾತು ಶುರುಮಾಡುವಷ್ಟರಲ್ಲಿ ಇನ್ನೊಬ್ಬರು ಬಂದು ‘ಒಂದು ನಿಮಿಷ ಕರೆದುಕೊಂಡು ಹೋಗ್ಲಾ?’ ಅನ್ನುತ್ತಾರೆ. ಮನೆಯಲ್ಲಿ ನಾಲ್ಕು ಜನ ಅಕ್ಕತಂಗಿಯರ ನಡುವೆ ಬೆಳೆದು, ನನ್ನ ಪಾಲು ನಾನು ಕೇಳಿ ಪಡೆಯಬಲ್ಲೆ ಅನ್ನುವವರಿಗೆ ಇದು ಆಗಬಹುದು. ಕೇಳಲು ಸಂಕೋಚಪಡುವವರು ಹೋಗಲೇಬೇಡಿ. ಈ ಶೋದಲ್ಲಿ ನನಗೆ ಇಷ್ಟವಾಗುವುದು ಒಂದೇ ಭಾಗ. ಕೊನೆಯ ನಾಲ್ಕು ಜನ ಉಳಿದಾಗ ಅವರವರ ಊರಿಗೆ, ಅವರವರ ಮನೆಗೆ ಹೋಗುತ್ತಾರೆ. ಅಪ್ಪ ಕೇಳುವ ಪ್ರಶ್ನೆ, ಅಮ್ಮನ ಮುಖ, ಅಲ್ಲಿ ಎಲ್ಲ ಗೊತ್ತಾಗುತ್ತದೆ. ವಾರಗಟ್ಟಲೆ ಮಾತಾಡಿ ತಿಳಿಯದ್ದು ಒಂದು ಊಟದಲ್ಲಿ ತಿಳಿಯುವುದನ್ನು ನಾವು ಊರಿನವರು ಬಲ್ಲೆವು.

ವಯಸ್ಸಾದವರಿಗೂ ಇದೆ ಅಂತ 2023ರಲ್ಲಿ ‘ಗೋಲ್ಡನ್ ಬ್ಯಾಚುಲರ್’ ಮಾಡಿದರು. ಗೆರಿ ಟರ್ನರ್ ಎಂಬ 72ರ ವಿಧುರ. 2024ರ ಜನವರಿಯಲ್ಲಿ ಟಿವಿಯಲ್ಲೇ ಮದುವೆ, ಏಪ್ರಿಲ್‌ನಲ್ಲಿ ಬೇರೆಯಾಗುತ್ತೇವೆಂದು ಇಬ್ಬರೂ ಹೇಳಿದರು. ಇಬ್ಬರ ಮನೆ ಬೇರೆ ಬೇರೆ ರಾಜ್ಯ, ಮಕ್ಕಳು ಮೊಮ್ಮಕ್ಕಳು ಅಲ್ಲೇ. ಯಾರು ಊರು ಬಿಡುವುದು ಎಂಬ ಪ್ರಶ್ನೆ ಇಪ್ಪತ್ತೈದಕ್ಕೂ ಒಂದೇ, ಎಪ್ಪತ್ತೆರಡಕ್ಕೂ ಒಂದೇ.

ಫೋನಿಲ್ಲದ ಬಂಗಲೆ

‘ಲವ್ ಐಲ್ಯಾಂಡ್’ ಬ್ರಿಟನ್ನಿನ ಐಟಿವಿ2ರಲ್ಲಿ 2015ರ ಜೂನ್‌ನಿಂದ ಬರುತ್ತಿದೆ. ಸ್ಪೇನ್‌ನ ಮಯೋರ್ಕಾ ದ್ವೀಪದ ಬಂಗಲೆ, ವಾರಗಟ್ಟಲೆ ಅಲ್ಲೇ ವಾಸ, ಹೊರಗಿನ ಸುದ್ದಿ ಇಲ್ಲ. ಸ್ವಂತ ಫೋನ್ ತೆಗೆದುಕೊಂಡು ಶೋದವರ ಫೋನ್ ಕೊಡುತ್ತಾರೆ, ಅದಕ್ಕೆ ಅವರ ಮೆಸೇಜ್ ಮಾತ್ರ ಬರುತ್ತದೆ. ಜೋಡಿ ಇಲ್ಲದೆ ಉಳಿದವರು ಹೊರಗೆ. ಗೆದ್ದ ಜೋಡಿಗೆ 50,000 ಪೌಂಡ್, ಅದನ್ನು ತೀರ್ಮಾನಿಸುವುದು ನೋಡುಗರ ವೋಟು. ನಮ್ಮ ಎಂಟಿವಿಯ ‘ಸ್ಪ್ಲಿಟ್ಸ್‌ವಿಲ್ಲಾ’ 2008ರಿಂದ ಬರುತ್ತಿರುವುದೂ ಇದೇ ಜಾತಿಯದು, ಅಲ್ಲಿ ಟಾಸ್ಕುಗಳ ಜೋರು ಜಾಸ್ತಿ. ‘ಟೂ ಹಾಟ್ ಟು ಹ್ಯಾಂಡಲ್’ನಲ್ಲಿ ಮುತ್ತು ಕೊಡುವಂತಿಲ್ಲ, ಅದಕ್ಕಿಂತ ಮುಂದೆ ಹೋಗುವಂತೆಯೂ ಇಲ್ಲ. 2020ರ ಮೊದಲ ಸೀಸನ್ನಿನಲ್ಲಿ ಒಂದು ಮುತ್ತಿಗೆ 3,000 ಡಾಲರ್ ಬಹುಮಾನದ ಹಣದಿಂದ ಕಳೆಯುತ್ತಿದ್ದರು.

ನಮ್ಮ ಅರಸೀಕೆರೆ ಗೆಳತಿ ಮೊದಲ ಸುತ್ತಿನಲ್ಲಿ ಲವ್ ಐಲ್ಯಾಂಡ್ ಅಂದವಳು ಎರಡನೇ ಸುತ್ತಿನಲ್ಲಿ ಬೇಡ ಅಂದಳು. ಅವಳ ಕಾರಣ ನನಗೆ ಸರಿ ಅನ್ನಿಸಿತು. ‘ನನ್ನ ಅಪ್ಪನಿಗೆ ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡ್ತೀನಿ. ಎರಡು ತಿಂಗಳು ಮಾಡದಿದ್ದರೆ ನಾನು ನಾನಾಗಿರಲ್ಲ.’ ಯಾರ ಜೊತೆ ದಿನಾ ಮಾತಾಡಿದರೆ ನಿಮಗೆ ನಿಮ್ಮ ತೂಕ ಗೊತ್ತಾಗುತ್ತದೋ ಅವರಿಂದ ದೂರ ಇದ್ದು ಜೀವನದ ತೀರ್ಮಾನ ಮಾಡಬೇಕಾದ ಶೋ ಇದು. ಅದೇ ಮಾತನ್ನು ತಿರುಗಿಸಿಯೂ ನೋಡಬಹುದು. ಪ್ರತಿ ತೀರ್ಮಾನಕ್ಕೂ ಹತ್ತು ಜನರನ್ನು ಕೇಳಿ, ಹತ್ತು ಜನರ ಮಾತಿಗೆ ತೂಗಾಡಿ ಸುಸ್ತಾದವರಿಗೆ ಎರಡು ತಿಂಗಳ ಮೌನವೇ ಔಷಧಿ ಆಗಬಹುದು.

ಒಂದು ಊಟ, ಒಂದು ಉತ್ತರ

ಬ್ರಿಟನ್ನಿನ ಚಾನೆಲ್ 4ರಲ್ಲಿ 2013ರಿಂದ ಬರುವ ‘ಫಸ್ಟ್ ಡೇಟ್ಸ್’ ನಮ್ಮ ಜನಕ್ಕೆ ಹೆಚ್ಚು ಗೊತ್ತಿಲ್ಲ. ಗೊತ್ತಾಗಬೇಕು. ಒಂದು ಹೋಟೆಲ್, ಇಬ್ಬರು ಅಪರಿಚಿತರು, ಒಂದು ಊಟ. ಮುಗಿದ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಮತ್ತೆ ಭೇಟಿಯಾಗುತ್ತೀರಾ ಅಂತ ಕೇಳುತ್ತಾರೆ. ಅಷ್ಟೇ. ಬೇಡ ಅನ್ನುವುದಾದರೂ ಎದುರಿಗೇ ಅನ್ನಬೇಕು. ಇದರಲ್ಲಿ ನಿಮ್ಮಿಂದ ಕಿತ್ತುಕೊಳ್ಳುವುದು ಏನೂ ಇಲ್ಲ, ಜಾರಿಕೊಳ್ಳುವ ದಾರಿ ಒಂದನ್ನು ಬಿಟ್ಟರೆ. ಮಧ್ಯದ ಬ್ರೋಕರ್ ಮೂಲಕ ಹದಿನೈದು ದಿನ ಬಿಟ್ಟು ‘ಹುಡುಗನ ಅಜ್ಜಿಗೆ ಹುಷಾರಿಲ್ಲ’ ಅಂತ ಉತ್ತರ ಬರುವುದಕ್ಕಿಂತ ಇದು ಎಷ್ಟೋ ಮರ್ಯಾದೆಯದು.

ನಮಗೂ ಇದರ ಹತ್ತಿರದ್ದು ಒಂದಿದೆ. ಹಾಸನದ ಬಿ.ಎಂ. ರಸ್ತೆಯಲ್ಲಿ ಯಾವ ಹೋಟೆಲಿಗೆ ಹೋದರೂ ಪಕ್ಕದ ಟೇಬಲಲ್ಲಿ ಪರಿಚಯದವರು ಇರುತ್ತಾರೆ, ಆದ್ದರಿಂದ ಮನೆಯವರು ದೇವಸ್ಥಾನದಲ್ಲಿ ಭೇಟಿ ಇಟ್ಟುಕೊಳ್ಳುತ್ತಾರೆ. ನನ್ನದು ಒಮ್ಮೆ ಬೇಲೂರಿನಲ್ಲಿ ಆಯಿತು. ಎರಡೂ ಮನೆಯ ಹಿರಿಯರು ಗೈಡ್ ಹಿಂದೆ ದರ್ಪಣ ಸುಂದರಿಯನ್ನು ನೋಡಲು ಮುಂದೆ ಹೋದರು. ಅಲ್ಲಿ 42 ಮದನಿಕೆಯರಿದ್ದಾರೆ, ಗೈಡ್ ಒಳ್ಳೆಯವನು, ಯಾರನ್ನೂ ಬಿಡದೆ ವಿವರಿಸಿದ. ಅಷ್ಟು ಹೊತ್ತು ನಮ್ಮದು. ಕಲ್ಲು ಬಿಸಿಯಾಗಿತ್ತು, ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೆವು, ಇಬ್ಬರೂ ನೆರಳಿನಿಂದ ನೆರಳಿಗೆ ಹೆಜ್ಜೆ ಹಾಕುತ್ತಾ ಮಾತಾಡಿದೆವು. ಅವರು ಬೆಂಗಳೂರು ಬಿಡುವುದಿಲ್ಲ ಅಂದರು. ನಾನು ತೋಟ ಬಿಡುವುದಿಲ್ಲ ಅಂದೆ. ಎದುರೆದುರೇ ಬೇಡ ಅಂದುಕೊಂಡು, ಹೊರಗೆ ಬಂದು ಎಳನೀರು ಕುಡಿದು, ನಗುತ್ತಲೇ ಬೀಳ್ಕೊಟ್ಟೆವು. ಆ ಮನುಷ್ಯನ ಬಗ್ಗೆ ಇವತ್ತಿಗೂ ನನಗೆ ಒಳ್ಳೆಯ ಅಭಿಪ್ರಾಯ ಇದೆ.

ಬೇರೆಯವರು ಹಾಕುವ ಗಂಟು

‘ಮ್ಯಾರೀಡ್ ಅಟ್ ಫಸ್ಟ್ ಸೈಟ್’ 2013ರಲ್ಲಿ ಡೆನ್ಮಾರ್ಕ್‌ನಲ್ಲಿ ಹುಟ್ಟಿ ಮರುವರ್ಷ ಅಮೆರಿಕಕ್ಕೆ ಹೋಯಿತು. ತಜ್ಞರು ಜೋಡಿ ಹೊಂದಿಸುತ್ತಾರೆ, ವಧು ವರ ಮೊದಲು ನೋಡುವುದೇ ಮದುವೆಯ ದಿನ. ಅಮೆರಿಕದಲ್ಲಿ ಆ ಮದುವೆ ಕಾನೂನು ಪ್ರಕಾರ ಮದುವೆಯೇ, ಕೆಲವು ವಾರ ಬಿಟ್ಟು ಉಳಿಯುತ್ತೇವೋ ವಿಚ್ಛೇದನವೋ ಹೇಳಬೇಕು. ಆಸ್ಟ್ರೇಲಿಯಾದಲ್ಲಿ ಅದು ಬರೀ ಸಮಾರಂಭ, ಕಾನೂನಿನ ಗಂಟಿಲ್ಲ. ‘ಆರ್ ಯು ದಿ ಒನ್’ ಎಂಬ ಎಂಟಿವಿ ಶೋ, 2014ರಲ್ಲಿ ಬಂದದ್ದು, ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಿತು. ಯಾರಿಗೆ ಯಾರು ಸರಿ ಅಂತ ಮೊದಲೇ ತೀರ್ಮಾನಿಸಿ ಗುಟ್ಟಾಗಿ ಇಟ್ಟಿರುತ್ತಾರೆ, ಸ್ಪರ್ಧಿಗಳು ಹತ್ತು ವಾರದೊಳಗೆ ಎಲ್ಲ ಜೋಡಿಯನ್ನೂ ಸರಿಯಾಗಿ ಹೇಳಿದರೆ 10 ಲಕ್ಷ ಡಾಲರ್ ಹಂಚಿಕೊಳ್ಳಬಹುದು.

ಇದನ್ನು ನೋಡಿದ ನನ್ನ ಅಮ್ಮ ‘ಇದರಲ್ಲೇನಿದೆ, ನಮ್ಮ ಕಾಲದಲ್ಲೂ ಹೀಗೇ’ ಅಂದರು. ಪುರೋಹಿತರು 36 ಗುಣ ಎಣಿಸಿ 24 ಕೂಡಿತು ಅಂದರೆ ಮನೆಯವರು ಹೂಂ ಅನ್ನುತ್ತಿದ್ದರು. ನಿಜ. ಆದರೆ ಅಮ್ಮನ ಮದುವೆಗೆ ಎರಡೂ ಊರಿನವರು ಸಾಕ್ಷಿ ಇದ್ದರು, ಕಷ್ಟ ಬಂದಾಗ ಕರೆಸಿ ಕೂರಿಸಿ ಮಾತಾಡಿಸುವವರಿದ್ದರು. ಶೋದಲ್ಲಿ ಶೂಟಿಂಗ್ ಮುಗಿದ ದಿನ ತಜ್ಞರು ತಮ್ಮ ಮನೆಗೆ ಹೋಗುತ್ತಾರೆ. ಈ ಜಾತಿಯ ಶೋವನ್ನು ನಾನು ಯಾರಿಗೂ ಹೇಳುವುದಿಲ್ಲ.

ತೋಟಕ್ಕೆ ಬನ್ನಿ

ಈಗ ನನಗೆ ಹತ್ತಿರದ್ದು. ‘ಫಾರ್ಮರ್ ವಾಂಟ್ಸ್ ಎ ವೈಫ್’ 2001ರಲ್ಲಿ ಬ್ರಿಟನ್ನಿನಲ್ಲಿ ಬಂದು, 2005ರಲ್ಲಿ ಜರ್ಮನಿಗೆ, 2007ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ, 2023ರಲ್ಲಿ ಅಮೆರಿಕದ ಫಾಕ್ಸ್ ಚಾನೆಲ್ಲಿಗೂ ಬಂತು. ಮೊದಲು ರೈತರ ಪರಿಚಯ ಟಿವಿಯಲ್ಲಿ ಹಾಕುತ್ತಾರೆ. ಇಷ್ಟವಾದವರು ಕಾಗದ ಬರೆಯುತ್ತಾರೆ. ರೈತ ಕಾಗದ ಓದಿ ಕೆಲವರನ್ನು ಭೇಟಿಯಾಗಿ, ಅವರಲ್ಲಿ ಕೆಲವರನ್ನು ತನ್ನ ಜಮೀನಿಗೇ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಹಾಲು ಕರೆಯುವುದು, ಬೇಲಿ ಕಟ್ಟುವುದು, ಕೆಸರು, ಗೊಬ್ಬರ ಎಲ್ಲ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಇದರಿಂದ ಹಲವು ಮದುವೆ ಆಗಿವೆ, ಮಕ್ಕಳೂ ಆಗಿವೆ.

ಈ ಮದುವೆಗಳು ಏಕೆ ಉಳಿಯುತ್ತವೆ ಅಂತ ಕೇಳಿದರೆ ನನ್ನ ಉತ್ತರ ಇದು: ಇಲ್ಲಿ ಯಾರು ಊರು ಬಿಡುವುದು ಎಂಬ ಪ್ರಶ್ನೆಗೆ ಮೊದಲ ದಿನವೇ ಉತ್ತರ ಸಿಕ್ಕಿರುತ್ತದೆ. ಗೋಲ್ಡನ್ ಬ್ಯಾಚುಲರ್ ಎಡವಿದ ಕಲ್ಲು ಇಲ್ಲಿ ಬಾಗಿಲಲ್ಲೇ ಕಾಣುತ್ತದೆ.

ನಮ್ಮ ಜಿಲ್ಲೆಗಳಿಗೆ ಬೇಕಾಗಿರುವ ಶೋ ಇದೇ ಅಂತ ನಾನು ಮನಸ್ಸಿಟ್ಟು ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ಎಲ್ಲರಿಗೂ ನೆನಪಿರಬಹುದು. ಹೆಚ್ಚಿನವರು ಬೇಸಾಯದ ಮನೆಯ ಹುಡುಗರು. ಆ ಸುದ್ದಿ ನೋಡಿ ನಕ್ಕವರೇ ಜಾಸ್ತಿ. ನನಗೆ ನಗು ಬರಲಿಲ್ಲ. ನಮ್ಮೂರಲ್ಲೂ ಹಾಗೇ ಇದೆ. ಹತ್ತು ಎಕರೆ ಕಾಫಿ ಇರುವ ಹುಡುಗನಿಗೂ ‘ಬೆಂಗಳೂರಲ್ಲಿ ಏನಾದ್ರೂ ಇದೆಯಾ?’ ಅಂತ ಕೇಳುತ್ತಾರೆ. ಆಲೂಗಡ್ಡೆ ಹಾಕುವ ಹಾಸನದ ಹುಡುಗನಿಗೆ ಅದನ್ನೂ ಕೇಳುವುದಿಲ್ಲ, ಸುಮ್ಮನೆ ಫೋನ್ ಇಡುತ್ತಾರೆ. ಬೇಡ ಅನ್ನುವ ಹೆಣ್ಣುಮಕ್ಕಳದೂ ತಪ್ಪಿಲ್ಲ. ತೋಟದ ಮನೆಗೆ ಸೊಸೆಯಾಗಿ ಬಂದವಳಿಗೆ ತೋಟದಲ್ಲಿ ಹೆಸರಿಲ್ಲ, ಲೆಕ್ಕದ ಪುಸ್ತಕ ಕೈಗೆ ಸಿಗುವುದಿಲ್ಲ, ಕಾಲೇಜಿನಲ್ಲಿ ಓದಿದ್ದು ಒಲೆ ಮುಂದೆ ಹೋಗುತ್ತದೆ. ಅದನ್ನು ನೋಡಿ ಬೆಳೆದವರು ಹೂಂ ಅನ್ನುವುದು ಹೇಗೆ? ಕಾಗದ ಬರೆದು, ಬಂದು, ಒಂದು ವಾರ ಇದ್ದು, ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಅಂತ ಕಣ್ಣಾರೆ ನೋಡಿ ತೀರ್ಮಾನಿಸುವ ಅವಕಾಶ ಇದ್ದರೆ ಎರಡೂ ಕಡೆಯವರಿಗೆ ಒಳ್ಳೆಯದು.

ಇದಕ್ಕೆ ಹೋಗುವವರಿಗೆ ನನ್ನದೊಂದು ಬಲವಾದ ಸಲಹೆ, ಯಾವ ತಿಂಗಳಲ್ಲಿ ಕರೆಯುತ್ತಾರೆ ಅಂತ ಕೇಳಿ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟಾಗ ಬಂದರೆ ಯಾರು ಬೇಕಾದರೂ ಒಪ್ಪಿಬಿಡುತ್ತಾರೆ. ಇಡೀ ಗುಡ್ಡ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ, ಮನೆಯೊಳಗೂ ಅದೇ ವಾಸನೆ. ಮೂರು ನಾಲ್ಕು ದಿನಕ್ಕೆ ಆ ಹೂ ಕಂದು ಬಣ್ಣಕ್ಕೆ ತಿರುಗುತ್ತದೆ. ಡಿಸೆಂಬರ್, ಜನವರಿಯ ಕೊಯ್ಲಿನಲ್ಲಿ ಬಂದರೆ ಆಳಿಲ್ಲದ ಕಷ್ಟ, ಕಣದಲ್ಲಿ ಒಣಗಿಸಿದ್ದು ಅಕಾಲದ ಮಳೆಗೆ ನೆನೆಯುವ ಹೆದರಿಕೆ, ಸಂಜೆ ಕೂಲಿ ಲೆಕ್ಕ, ಇವೆಲ್ಲ ಕಾಣುತ್ತವೆ. ಜುಲೈಯಲ್ಲಿ ಬಂದರೆ ಇಂಬಳ (ಜಿಗಣೆ) ಕಾಲಿಗೆ ಹತ್ತುತ್ತದೆ, ಒಗೆದ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಸುತ್ತ ಆನೆ ಬಂತೆಂದರೆ ತೋಟಕ್ಕೆ ಇಳಿಯುವಂತಿಲ್ಲ, ಕೆಲಸ ನಿಲ್ಲುತ್ತದೆ, ಜೀವಭಯ ಬೇರೆ. ಹೂವಿನ ತಿಂಗಳಲ್ಲಿ ಹೂಂ ಅಂದವರಿಗಿಂತ ಇಂಬಳದ ತಿಂಗಳಲ್ಲಿ ಹೂಂ ಅಂದವರನ್ನು ನಾನು ನಂಬುತ್ತೇನೆ. ಶೋದವರು ಚಂದದ ತಿಂಗಳನ್ನೇ ಆರಿಸುತ್ತಾರೆ, ಕ್ಯಾಮೆರಾಗೆ ಅದೇ ಬೇಕು. ಆದ್ದರಿಂದ ಶೂಟಿಂಗ್ ಮುಗಿದ ಮೇಲೆ, ಯಾರಿಗೂ ಮಾತು ಕೊಡುವ ಮುಂಚೆ, ಆಷಾಢದಲ್ಲಿ ಒಂದು ವಾರ ಬಂದು ಇದ್ದು ಹೋಗಿ.

ಸಹಿ ಹಾಕುವ ಮುಂಚೆ

ಯಾವ ಶೋ ಆದರೂ ಕೆಲವು ವಿಷಯ ತಿಳಿದಿರಬೇಕು. 2013ರಿಂದ ಬಿಗ್ ಬಾಸ್ ನೋಡುತ್ತಿರುವ ನಮ್ಮ ಜನಕ್ಕೆ 24 ಗಂಟೆಯಿಂದ ಒಂದೂವರೆ ಗಂಟೆ ತೆಗೆಯುತ್ತಾರೆ ಅಂತ ಗೊತ್ತು. ಆ ಒಂದೂವರೆ ಗಂಟೆಯಲ್ಲಿ ನೀವು ಯಾರು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಸೋಮವಾರ ಅತ್ತದ್ದನ್ನು ಗುರುವಾರದ ಜಗಳಕ್ಕೆ ಜೋಡಿಸಬಹುದು. ಒಪ್ಪಂದದಲ್ಲಿ ಅದಕ್ಕೆ ನೀವೇ ಸಹಿ ಹಾಕಿರುತ್ತೀರಿ.

ಲವ್ ಈಸ್ ಬ್ಲೈಂಡ್‌ನ ಎರಡನೇ ಸೀಸನ್ನಿನ ಸ್ಪರ್ಧಿಯೊಬ್ಬರು 2022ರಲ್ಲಿ ಕೋರ್ಟಿಗೆ ಹೋದರು. ವಾರಕ್ಕೆ 1,000 ಡಾಲರ್ ಕೊಟ್ಟು ದಿನಕ್ಕೆ 20 ಗಂಟೆವರೆಗೂ ಶೂಟಿಂಗ್, ಊಟ ನೀರು ಸರಿಯಾಗಿ ಇಲ್ಲ, ಕುಡಿಯಲು ಮಾತ್ರ ಬೇಕಾದಷ್ಟು, ನಡುವೆ ಬಿಟ್ಟುಹೋದರೆ 50,000 ಡಾಲರ್ ದಂಡ ಎಂಬುದು ಅವರ ಆರೋಪ. ನಿರ್ಮಾಪಕರು ಒಪ್ಪಲಿಲ್ಲ, ಕೊನೆಗೆ ರಾಜಿಯಾಯಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯ ಪ್ರಾದೇಶಿಕ ಕಚೇರಿ, ಈ ಶೋದ ಸ್ಪರ್ಧಿಗಳನ್ನು ನೌಕರರೆಂದೇ ಪರಿಗಣಿಸಬೇಕು ಅಂತ ದೂರು ದಾಖಲಿಸಿತು. ಇಷ್ಟು ದೂರದ ವಿಷಯ ನಮಗೇಕೆ ಅನ್ನಬೇಡಿ. ದಿನಕ್ಕೆ ಎಷ್ಟು ಗಂಟೆ, ಮಲಗಲು ಎಷ್ಟು, ಬಿಟ್ಟುಹೋದರೆ ಏನು, ಈ ಮೂರನ್ನು ಕಾಗದದಲ್ಲಿ ಓದಿ. ಅರ್ಥವಾಗದಿದ್ದರೆ ಪರಿಚಯದ ವಕೀಲರಿಗೆ ತೋರಿಸಿ. ತೋಟದ ಪಹಣಿ ತಿದ್ದುಪಡಿಗೆ ಎಷ್ಟು ಎಚ್ಚರ ವಹಿಸುತ್ತೇವೋ ಅಷ್ಟೇ ಎಚ್ಚರ ನಮ್ಮ ಹೆಸರಿಗೂ ಬೇಕು.

ಇದಕ್ಕಿಂತ ಮುಖ್ಯವಾದದ್ದು ಶೋ ಪ್ರಸಾರವಾದ ಮೇಲಿನ ದಿನಗಳು. ಜಪಾನಿನ ‘ಟೆರೇಸ್ ಹೌಸ್’ ಬಹಳ ಮೆಲುದನಿಯ ಶೋ, ಒಂದೇ ಮನೆಯಲ್ಲಿ ಆರು ಜನ, ಬೈಗುಳವಿಲ್ಲ, ಬಹುಮಾನವಿಲ್ಲ. ಅದರಲ್ಲಿದ್ದ 22ರ ಕುಸ್ತಿಪಟು ಹಾನಾ ಕಿಮುರಾ ಆನ್‌ಲೈನ್ ನಿಂದನೆ ತಾಳಲಾರದೆ 2020ರ ಮೇ ತಿಂಗಳಲ್ಲಿ ತೀರಿಕೊಂಡಳು. ಶೋ ನಿಂತಿತು, 2022ರಲ್ಲಿ ಜಪಾನ್ ನಿಂದನೆಯ ಕಾನೂನನ್ನು ಬಿಗಿ ಮಾಡಿತು. ಲವ್ ಐಲ್ಯಾಂಡ್‌ನವರು 2019ರಿಂದ ಪ್ರತಿ ಸ್ಪರ್ಧಿಗೂ ಶೋ ಮುಗಿದ ಮೇಲೆ ಕನಿಷ್ಠ ಎಂಟು ಬಾರಿ ಆಪ್ತಸಮಾಲೋಚನೆ ಕೊಡುತ್ತೇವೆ ಅಂತ ನಿಯಮ ಮಾಡಿಕೊಂಡಿದ್ದಾರೆ. ನೀವು ಹೋಗುವ ಶೋದಲ್ಲಿ ಅಂಥದ್ದು ಇದೆಯಾ ಅಂತ ಕೇಳಲೇಬೇಕು. ಇಲ್ಲ ಅಂದರೆ ಬೇಡ. ಬೆಂಗಳೂರಿನಲ್ಲಿ ನಾಲ್ಕು ದಿನಕ್ಕೆ ಮರೆಯುತ್ತಾರೆ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಮರೆಯುವುದಿಲ್ಲ. ನೀವು ಹೊರಗೆ ಹೋಗದಿದ್ದರೂ ನಿಮ್ಮ ಅಮ್ಮ ಸಂತೆಗೆ ಹೋಗಬೇಕು, ನಿಮ್ಮ ತಮ್ಮ ಕಾಲೇಜಿಗೆ ಹೋಗಬೇಕು. ಹೊರಡುವ ಮುಂಚೆ ಅವರನ್ನು ಕೂರಿಸಿಕೊಂಡು, ಹೀಗೆಲ್ಲ ತೋರಿಸಬಹುದು, ಹೀಗೆಲ್ಲ ಅನ್ನಬಹುದು ಅಂತ ಬಿಡಿಸಿ ಹೇಳಿ. ಅವರ ಮುಖ ನೋಡಿ. ಆ ಮುಖದಲ್ಲಿ ಹೆದರಿಕೆ ಕಂಡರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಮ್ಮ ಮೂವರ ತೀರ್ಮಾನ

ಹಾಸನದ ಗೆಳತಿ ಗೋಡೆಯ ಶೋ ಅಂದಳು, ಅವಳಿಗೆ ಅದೇ ಸರಿ. ಅವಳ ದನಿ ಕೇಳಿದವರು ಅವಳನ್ನು ಬಿಡಲಾರರು. ಅಪ್ಪನಿಗೆ ದಿನಾ ಫೋನ್ ಮಾಡುವವಳು ಒಂದು ಊಟದ ಶೋ ಸಾಕು ಅಂದಳು, ಸಂಜೆ ಏಳಕ್ಕೆ ಮುಗಿದರೆ ಎಂಟಕ್ಕೆ ಫೋನಿಗೂ ಸಿಗುತ್ತೇನೆ ಅಂತ.

ನಾನು ತೋಟದ ಶೋ ಅಂದೆ. ‘ಹಂಗಾದ್ರೆ ಯಾವ ರೈತನಿಗೆ ಕಾಗದ ಬರೀತೀಯ?’ ಅಂತ ಇಬ್ಬರೂ ಕೇಳಿದರು. ನಾನು ಕಾಗದ ಬರೆಯುವವಳಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಬಂದು ನಾಲ್ಕು ವರ್ಷ ಆಯಿತು. ಆರು ಎಕರೆ ರೊಬಸ್ಟಾ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು, ಅಮ್ಮ, ನಾನು. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ರೈತ ನಾನು. ಕಾಗದ ನನಗೆ ಬರಬೇಕು.

ಅರಸೀಕೆರೆಯವಳು ಒಲೆಗೆ ಒಂದು ಕೊಳ್ಳಿ ತಳ್ಳಿ, ‘ಸರಿ, ಟಿವಿಯಲ್ಲಿ ನಿನ್ನ ಪರಿಚಯ ಹಾಕ್ತಿದಾರೆ ಅಂದ್ಕೋ, ಮಾತಾಡು’ ಅಂದಳು. ಹಾಸನದವಳು ಮೊಬೈಲಿನ ಟಾರ್ಚನ್ನು ನನ್ನ ಮುಖಕ್ಕೆ ಹಿಡಿದಳು. ನಾನು ಹೇಳಿದ್ದು ಇಷ್ಟು: ‘ಜಾತಕ ಕಳಿಸಬೇಡಿ. ಫೋಟೋ ಆಮೇಲೆ ನೋಡೋಣ. ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಹಾಕುವಾಗ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತೇ ಬರುತ್ತೆ, ಎರಡು ಗಂಟೆಗೆ ಎದ್ದು ಪೈಪ್ ಬದಲಿಸಬೇಕು. ಆ ಹೊತ್ತಲ್ಲಿ ನನ್ನ ಜೊತೆ ಯಾವ ವಿಷಯ ಮಾತಾಡ್ತೀರಿ ಅಂತ ಒಂದು ಪುಟ ಬರೀರಿ. ಗಮ್‌ಬೂಟಿನ ಅಳತೆಯನ್ನೂ ಬರೀರಿ, ಮೂಡಿಗೆರೆಯಿಂದ ತಂದಿಟ್ಟಿರ್ತೀನಿ.’